ಕರಡಿಗೆಂದು ಎತ್ತಿಟ್ಟ ಮಾತು

ಈ ಮಾತನ್ನು ನಾನು ಕರಡಿಗೆಂದು ಎತ್ತಿಟ್ಟುಕೊಂಡಿದ್ದೆ. ಹಂದಿಗೂ ಕೊಟ್ಟಿರಲಿಲ್ಲ, ಮಂಗಗಳಿಗೂ ಕೊಟ್ಟಿರಲಿಲ್ಲ. ಇಷ್ಟು ಉದ್ದದ, ಇಷ್ಟು ಗಟ್ಟಿಯಾದ ಮಾತು ನಮ್ಮ ಬೀದಿಯಲ್ಲಿ ಇನ್ನೊಬ್ಬರ ಹತ್ತಿರ ಇಲ್ಲ ಎಂದು ನನಗೆ ಸ್ವಲ್ಪ ಜಂಭವೂ ಇತ್ತು. ಇವತ್ತು ನಿಮಗೆ ಹೇಳಿಬಿಡುತ್ತಿದ್ದೇನೆ. ಹೇಳಿದ ಮೇಲೆ ಇದರಿಂದ ಒಂದು ಇಲಿಯೂ ಅಲ್ಲಾಡುವುದಿಲ್ಲ, ಗೊತ್ತು. ಇರಲಿ, ಕೇಳಿ.

ನಮ್ಮೂರು ಊರೂ ಹೌದು, ಕಾಡೂ ಹೌದು. ಹೊಸ ಸೈಟುಗಳು ಕರಿಗುಂಡಿನ ಬುಡದವರೆಗೂ ಹೋಗಿವೆ. ಕರಿಗುಂಡು ಎಂದರೆ ಊರಾಚೆಯ ಕಪ್ಪು ಬಂಡೆಗಳ ಗುಡ್ಡ. ಅಲ್ಲಿನ ಪ್ರಾಣಿಗಳಿಗೆ ಪೊದೆ ಯಾವುದು, ಸೈಟು ಯಾವುದು ಎಂಬ ಭೇದವಿಲ್ಲ. ಮನೆಯೊಳಗೆ ಬಂದ ಪ್ರಾಣಿಯನ್ನು ನಾವು ಓಡಿಸುವುದಿಲ್ಲ, ಕಳಿಸಿ ಬರುತ್ತೇವೆ. ಮನೆಯವರೊಬ್ಬರು ಮನೆಯ ಮಾತು ಆಡುತ್ತಾ ಮುಂದೆ ನಡೆಯಬೇಕು, ಪ್ರಾಣಿ ಹಿಂದೆ ಬರುತ್ತದೆ. ಮಾತು ನಿಂತರೆ ಅದೂ ನಿಲ್ಲುತ್ತದೆ, ತಿರುಗಿ ಬಂದು ಮೊದಲಿನ ಜಾಗದಲ್ಲೇ ಕೂರುತ್ತದೆ. ಮಾತು ನಿಜವಾಗಿರಬೇಕು, ಅದುವರೆಗೆ ಯಾರಿಗೂ ಹೇಳಿರಬಾರದು. ಹೆಗ್ಗಣವಾದರೆ ಮೋರಿಯವರೆಗೆ ಸಾಕಾಗುವಷ್ಟು ಮಾತು ಬೇಕು, ಮಂಗವಾದರೆ ಕೆರೆ ಏರಿಯವರೆಗೆ, ಹಂದಿಯಾದರೆ ಇಟ್ಟಿಗೆ ಗೂಡಿನವರೆಗೆ. ಕರಡಿಯಾದರೆ ಕರಿಗುಂಡಿನವರೆಗೂ ಬೇಕು.

ಹಾಗಾಗಿ ನಮ್ಮೂರಿನವರು ಮಾತಿನಲ್ಲಿ ಕೈ ಬಿಗಿ. ಮನೆಯಲ್ಲಿ ಏನಾದರೂ ನಡೆದರೆ ಮೊದಲು ಬಾಯಿ ಮುಚ್ಚಿಕೊಳ್ಳುತ್ತೇವೆ. ಅತ್ತೆಯ ಹಲ್ಲಿನ ಸೆಟ್ಟು ಬೇಳೆ ಡಬ್ಬದಲ್ಲಿ ಸಿಕ್ಕಿತೇ, ಅದು ಮಂಗಕ್ಕೆ. ಮೈದುನ ಯಾರಿಗೂ ಹೇಳದೆ ಮದುವೆಯಾಗಿ ಬಂದನೇ, ಅದು ಹಂದಿಗೆ, ಮಳೆಗಾಲಕ್ಕೆ ಇರಲಿ. ಗಂಡ ಹೆಂಡಿರು ಜಗಳವನ್ನೂ ಅರ್ಧಕ್ಕೆ ನಿಲ್ಲಿಸಿ, ಮಿಕ್ಕಿದ್ದನ್ನು ಉಳಿಸಿಕೊಂಡು ಮಲಗುತ್ತಾರೆ. ಹೆಣ್ಣು ನೋಡಲು ಬಂದವರು ಹಾಡು ಬರುತ್ತದೆಯೇ ಎಂದು ಕೇಳುವುದಿಲ್ಲ, ಹುಡುಗಿ ಬಾಯಿಬಡುಕಿ ಅಲ್ಲ ತಾನೇ ಎಂದು ಕೇಳುತ್ತಾರೆ. ಹೊರಗಿನಿಂದ ಬಂದು ಸೈಟು ಕೊಂಡವರು ಮೊದಮೊದಲು ಬೋನು, ಬಲೆ, ಪಟಾಕಿ ಎಲ್ಲ ತರುತ್ತಾರೆ. ಹಂದಿಗಳು ಪಟಾಕಿ ಮುಗಿಯುವವರೆಗೆ ಕೂತು ನೋಡಿ, ಆಮೇಲೆ ಗೆಣಸು ಅಗೆಯುತ್ತವೆ. ವರ್ಷ ತುಂಬುವಷ್ಟರಲ್ಲಿ ಅವರೂ ನಮ್ಮ ಹಾಗೆಯೇ ತುಟಿ ಬಿಗಿಯುವುದನ್ನು ಕಲಿಯುತ್ತಾರೆ.

ಇನ್ನೊಬ್ಬರು ಪ್ರಾಣಿ ಕಳಿಸಲು ಹೊರಟಾಗ ಅವರ ಮಾತನ್ನು ಕೇಳಿಸಿಕೊಳ್ಳುವುದು ನಮ್ಮಲ್ಲಿ ಅಸಹ್ಯ. ಬಚ್ಚಲಿಗೆ ಇಣುಕಿದ ಹಾಗೆ. ಅದಕ್ಕೇ ಬೀದಿಯವರೆಲ್ಲ ಬಾಗಿಲು ಹಾಕಿಕೊಂಡು ಮಿಕ್ಸಿ ತಿರುಗಿಸುತ್ತಾರೆ, ಟಿ.ವಿ. ಜೋರು ಮಾಡುತ್ತಾರೆ, ಏನೂ ಇಲ್ಲದವರು ತಟ್ಟೆ ಬಡಿಯುತ್ತಾರೆ. ಎಲ್ಲಕ್ಕಿಂತ ದೊಡ್ಡ ಸದ್ದು ನನ್ನ ಹಿಟ್ಟಿನ ಗಿರಣಿಯದು. ‘ಸಾಕಮ್ಮ, ಮಿಷನ್ ಹಾಕು’ ಎಂದು ಯಾರಾದರೂ ಕೂಗಿದರೆ ಕಾಳು ಇದ್ದರೂ ಇಲ್ಲದಿದ್ದರೂ ಸ್ವಿಚ್ಚು ಒತ್ತುತ್ತೇನೆ. ಖಾಲಿ ಓಡಿಸಿದರೆ ಕಲ್ಲು ಸವೆಯುತ್ತದೆ ಎಂದು ನಮ್ಮ ಯಜಮಾನರು ಗೊಣಗುತ್ತಾರೆ. ಗೊಣಗಲಿ, ಅದೂ ಒಂದು ಹೆಗ್ಗಣಕ್ಕಾಗುತ್ತದೆ.

ಬೀದಿಯ ಕೊನೆಯ ಮನೆ ಬೋರಲಿಂಗಯ್ಯನವರದು. ಊರಿಗೆ ನೀರು ಬಿಡುವ ಕೆಲಸ ಅವರದು. ಉದ್ದನೆಯ ಕಬ್ಬಿಣದ ಕೀಲಿ ಹೆಗಲ ಮೇಲಿಟ್ಟುಕೊಂಡು ಬೀದಿ ಬೀದಿಯ ವಾಲ್ವು ತಿರುಗಿಸುತ್ತಾ ಹೋಗುತ್ತಾರೆ. ಬಾಯಿ ಮಾತ್ರ ತೆರೆಯುವುದಿಲ್ಲ. ಅವರ ಹೆಂಡತಿ ಶಿವನಂಜಮ್ಮ ಇದ್ದಾಗ ಅದರ ಅಗತ್ಯವೂ ಇರಲಿಲ್ಲ. ಊರಿಗೆ ಊರೇ ಮಾತನ್ನು ಗಂಟು ಕಟ್ಟಿ ಇಟ್ಟುಕೊಂಡಿದ್ದರೆ, ನಮ್ಮ ನಂಜಕ್ಕ ಒಬ್ಬಳೇ ಎರಡೂ ಕೈಯಲ್ಲಿ ಚೆಲ್ಲುತ್ತಿದ್ದಳು. ರಾಗಿ ಬೀಸಿಸಲು ಬಂದರೆ, ಸರದಿ ಬರುವಷ್ಟರಲ್ಲಿ ಮನೆಯದೆಲ್ಲ ಹೇಳಿ ಮುಗಿಸಿರುತ್ತಿದ್ದಳು. ‘ಹಿಂಗೆಲ್ಲ ಹೇಳ್ಕೊಂಡ್ರೆ ಮಂಗ ಬಂದಾಗ ಏನ್ ಮಾಡ್ತೀಯ ನಂಜಕ್ಕ’ ಎಂದು ನಾನು ಬೈದರೆ, ‘ಖರ್ಚಾದ್ರೆ ಆಗ್ಲಿ ಬಿಡೇ, ನಾಳೆ ಇನ್ನೊಂದೇನಾದ್ರೂ ಆಗ್ತದಲ್ಲ’ ಎಂದು ನಕ್ಕುಬಿಡುತ್ತಿದ್ದಳು. ಮಂಗಗಳು ಬಂದ ದಿನ ಅವಳು ಮುಂದೆ, ಇಡೀ ಹಿಂಡು ಹಿಂದೆ. ಕೆರೆ ಏರಿ ದಾಟಿದರೂ ಅವಳ ಮಾತು ಮುಗಿಯುತ್ತಿರಲಿಲ್ಲ.

ಅಂಥವಳು ಒಂದು ಜ್ವರಕ್ಕೆ ಹೋಗಿಬಿಟ್ಟಳು. ಬೋರಣ್ಣನ ಮನೆಯಲ್ಲಿ ಮಾತು ನಿಂತಿತು. ಮೊದಲು ದೇವರ ಗೂಡಿಗೆ ಅಳಿಲು ಬಂತು. ಕಳಿಸಲು ಬೋರಣ್ಣನಿಗೆ ಮಾತಿಲ್ಲ, ಗೂಡನ್ನು ಅದಕ್ಕೆ ಬಿಟ್ಟುಕೊಟ್ಟು ದೇವರ ಪಟವನ್ನು ಕಿಟಕಿಯ ಮೇಲಿಟ್ಟರು. ಆಮೇಲೆ ಅಟ್ಟದಲ್ಲಿ ಪುನುಗಿನ ಬೆಕ್ಕು ಮರಿ ಹಾಕಿತು, ಅದರ ಪಕ್ಕದಲ್ಲೇ ಜೇನು ಕಟ್ಟಿತು. ಅಡುಗೆಮನೆಗೆ ಹೆಗ್ಗಣ, ಉಗ್ರಾಣಕ್ಕೆ ಗೂಬೆ, ಬಚ್ಚಲ ಒಲೆಯ ಹಿಂದೆ ಕೇರೆಹಾವು. ಒಂದೊಂದು ಬಂದಾಗಲೂ ಬೋರಣ್ಣ ಒಂದೊಂದು ಕೋಣೆ ಬಿಟ್ಟು ಈಚೆಗೆ ಬಂದರು. ಅನ್ನ ಬೇಯಿಸಲು ಸ್ವಂತ ಅಡುಗೆಮನೆಗೆ ಬಾಗಿಲು ತಟ್ಟಿ ಹೋಗುತ್ತಿದ್ದರು. ಬೀದಿಯವರು ನೋಡಿಯೂ ಸುಮ್ಮನಿದ್ದರು. ಅವರವರ ಮಾತು ಅವರವರ ಮನೆಗೇ ಸಾಲದು, ಏನು ಮಾಡುತ್ತಾರೆ ಪಾಪ.

ಕೊನೆಗೆ ಜೇನಿನ ವಾಸನೆ ಹಿಡಿದು ಕರಡಿ ಬಂತು. ಹಿತ್ತಲಿಂದ ಬಂದು ನೇರ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿತು. ಬೋರಣ್ಣ ಚಾಪೆ ಸುತ್ತಿಕೊಂಡು ಜಗಲಿಗೆ ಬಂದರು.

ಅದೇ ವಾರ ಅವರ ಮಗಳು ವೇದಾವತಿ ನನಗೆ ಫೋನು ಮಾಡಿದಳು. ಅಪ್ಪನಿಗೆ ಮಾಡಿದರೆ ಅವರು ಎತ್ತಿ ಉಸಿರಾಡುತ್ತಾರೆಯೇ ಹೊರತು ಮಾತಾಡುವುದಿಲ್ಲ, ಅದಕ್ಕೆ ನನಗೆ. ಅವಳಿಗೆ ಏಳು ತಿಂಗಳು ತುಂಬಿತ್ತು, ಚೊಚ್ಚಲು. ‘ಸಾಕಮ್ಮತ್ತೆ, ಹೆರಿಗೆ ಆಸ್ಪತ್ರೇಲಾಗ್ಲಿ, ಬಾಣಂತನ ಮಾತ್ರ ಅಪ್ಪನ ಮನೇಲೇ. ನಮ್ಮತ್ತೆ ಬೇಡ ಅಂತಾರೆ, ಆ ಮನೇಲಿ ಮನುಷ್ಯರಿಗೆ ಜಾಗ ಇಲ್ವಂತಲ್ಲ ಅಂತಾರೆ. ಗುರುವಾರ ನಾನೇ ಬರ್ತೀನಿ. ಜಾಗ ಇಲ್ಲ ಅಂದ್ರೆ ಅಪ್ಪ ನನ್ನ ಮುಖ ನೋಡಿ ಬಾಯಿಬಿಟ್ಟು ಹೇಳ್ಲಿ. ಹಿಂದಿನ ಸಲ ಬಂದಾಗಿನ ಹಾಗೆ ಸುಮ್ನೆ ನಿಂತ್ಕೊಂಡ್ರೆ ಅದೇ ಆಟೋದಲ್ಲಿ ವಾಪಸ್ ಹೋಗ್ತೀನಿ. ಆಮೇಲೆ ನನ್ನ ಮಗೂನೂ ಆ ಕಡೆ ಬರಲ್ಲ’ ಎಂದಳು.

ನಾನು ಹೋಗಿ ಎಲ್ಲ ಹೇಳಿದೆ. ಬೋರಣ್ಣ ಕೇಳಿಸಿಕೊಂಡರು, ತಲೆ ಆಡಿಸಿದರು, ಕೀಲಿ ಹೆಗಲಿಗೇರಿಸಿಕೊಂಡು ಹೋದರು. ಆ ಸಂಜೆ ಗಿರಣಿಗೆ ಬಂದು ಬಾಗಿಲಲ್ಲಿ ನಿಂತರು. ಕೈಯಲ್ಲಿ ಕಾಳಿನ ಚೀಲವಿರಲಿಲ್ಲ. ‘ಸಾಕಮ್ಮ, ಸ್ವಲ್ಪ ಮಾತಿದ್ರೆ ಕೊಡ್ತೀಯಾ’ ಎಂದರು.

ನನ್ನ ಜೀವಮಾನದಲ್ಲಿ ಯಾರೂ ಯಾರಿಂದಲೂ ಮಾತು ಕೇಳಿದ್ದನ್ನು ನಾನು ನೋಡಿರಲಿಲ್ಲ. ಅಕ್ಕಿ ಕೇಳುತ್ತಾರೆ, ಮೊಸರಿಗೆ ಹೆಪ್ಪು ಕೇಳುತ್ತಾರೆ. ಮಾತು ಯಾರೂ ಕೇಳುವುದಿಲ್ಲ, ಯಾರೂ ಕೊಡುವುದಿಲ್ಲ. ಆದರೆ ಎದುರಿಗೆ ನಿಂತಿದ್ದದ್ದು ನಂಜಕ್ಕನ ಗಂಡ. ಒಳಗೆ ಕರೆದು ಕೂರಿಸಿ ನನ್ನಲ್ಲಿದ್ದ ಒಳ್ಳೊಳ್ಳೆಯದನ್ನೆಲ್ಲ ತೆಗೆದು ಕೊಟ್ಟೆ. ಅತ್ತೆಯ ಹಲ್ಲಿನ ಸೆಟ್ಟು, ಮೈದುನನ ಮದುವೆ, ನಮ್ಮ ಯಜಮಾನರು ಮುನಿಸಿಕೊಂಡು ಮಠಕ್ಕೆ ಹೋಗಿ ಅಲ್ಲಿನ ಸಾರು ಸೇರದೆ ಮಾರನೆಯ ದಿನವೇ ವಾಪಸು ಬಂದದ್ದು. ಬೋರಣ್ಣ ಮಗ್ಗಿ ಬಾಯಿಪಾಠ ಮಾಡುವಂತೆ ಒಂದೊಂದನ್ನೂ ಹೇಳಿ ಒಪ್ಪಿಸಿದರು. ‘ಇಷ್ಟಿದ್ರೆ ಕರಿಗುಂಡು ಹತ್ತಿ ಇಳೀಬಹುದು ಅಣ್ಣ’ ಎಂದೆ. ಕೊಟ್ಟದ್ದು ಹೇಳಿದ ಲೆಕ್ಕವಲ್ಲ ಎಂದು ನನಗೂ ಅನ್ನಿಸಿತ್ತು.

ಬುಧವಾರ ಮಧ್ಯಾಹ್ನ ಬೀದಿಗೆಲ್ಲ ಹೇಳಿ ಬಂದೆ. ಬಾಗಿಲುಗಳು ಮುಚ್ಚಿದವು, ಮಿಕ್ಸಿಗಳು ಶುರುವಾದವು, ನಾನೂ ಸ್ವಿಚ್ಚು ಒತ್ತಿದೆ. ಗಿರಣಿಯ ಕಿಟಕಿಯಿಂದ ನೋಡುತ್ತೇನೆ, ಬೋರಣ್ಣ ಬರುತ್ತಿದ್ದಾರೆ. ಕೈಗಳನ್ನು ಮೈಗೆ ಅಂಟಿಸಿಕೊಂಡು, ಬಾಯಿ ಮಾತ್ರ ಪಟಪಟ ಆಡಿಸುತ್ತಾ. ಹಿಂದೆ ಕರಡಿ. ನನಗೆ ಎಷ್ಟು ಸಂತೋಷವಾಯಿತೆಂದರೆ ಒಬ್ಬಳೇ ಚಪ್ಪಾಳೆ ತಟ್ಟಿದೆ. ಅಷ್ಟರಲ್ಲಿ ಕರಡಿ ಸರಿಯಾಗಿ ನನ್ನ ಗಿರಣಿಯ ಎದುರಿಗೆ ನಿಂತಿತು. ಮೂಗೆತ್ತಿ ಮೂಸಿತು. ಬೋರಣ್ಣನ ಕಡೆ ನೋಡಿತು, ನನ್ನ ಕಡೆ ನೋಡಿತು. ಈ ಮಾತು ಯಾವ ಮನೆಯದು ಎಂದು ಅದಕ್ಕೆ ತಿಳಿದುಹೋಗಿತ್ತು. ಮಾತಿನ ಮನೆ ಬಂದ ಮೇಲೆ ಮುಂದಕ್ಕೆ ಯಾಕೆ ಹೋಗುತ್ತದೆ? ನಾನು ಬಾಗಿಲ ಅಗುಳಿ ಹಾಕಿಕೊಂಡು ಹಿಟ್ಟಿನ ಡಬ್ಬದ ಹಿಂದೆ ಕೂತೆ. ಅದು ಸ್ವಲ್ಪ ಹೊತ್ತು ಹೊಸ್ತಿಲಲ್ಲಿ ಉಸಿರು ಬಿಟ್ಟು, ತಿರುಗಿ ನಿಧಾನವಾಗಿ ಬೋರಣ್ಣನ ಮನೆಗೇ ನಡೆಯಿತು. ಈ ಸಲ ನಡುಮನೆಗೂ ಹೋಗಲಿಲ್ಲ, ಜಗಲಿಯ ಮೇಲೆ, ಅವರ ಚಾಪೆಯ ಮೇಲೆಯೇ ಮಲಗಿತು.

ಗುರುವಾರ ಬೆಳಿಗ್ಗೆ ನೋಡಿದರೆ ಬೋರಣ್ಣ ಮನೆಯೆದುರಿನ ವಾಲ್ವು ಗುಂಡಿಯ ಕಟ್ಟೆಯ ಮೇಲೆ ಕೂತಿದ್ದಾರೆ. ಊರಿಗೆಲ್ಲ ನೀರು ಬಿಟ್ಟು ಬಂದಾಗಿತ್ತು. ಕರಡಿ ಜಗಲಿಯಿಂದ ಅವರನ್ನೇ ನೋಡುತ್ತಿತ್ತು. ಮಧ್ಯಾಹ್ನದ ಬಸ್ಸಿಗೆ ವೇದಾವತಿ ಬರುತ್ತಾಳೆ. ನನಗೆ ಕರಡಿಯ ಮೇಲಿನ ಸಿಟ್ಟೆಲ್ಲ ಬೋರಣ್ಣನ ಮೇಲೆ ತಿರುಗಿತು.

‘ಅಲ್ಲಾ ಅಣ್ಣ, ನಂಜಕ್ಕ ಹೋದಾಗಿಂದ ನಿಮ್ಮನೇಲಿ ಏನೂ ನಡೆದೇ ಇಲ್ವಾ?’ ಎಂದೆ.

‘ಏನ್ ನಡೀತದೆ’ ಎಂದರು.

‘ಒಂದು ಚೂರೂ?’

‘ಅವಳಿದ್ದಿದ್ರೆ ಹೇಳ್ತಿದ್ದೆ’ ಎಂದರು.

‘ಏನಂತ ಹೇಳ್ತಿದ್ರಿ?’

ಬೋರಣ್ಣ ಕೈಯಲ್ಲಿದ್ದ ಕೀಲಿಯನ್ನು ನೋಡಿಕೊಂಡರು. ‘ಊರಿಗೆಲ್ಲ ನೀರು ಬಿಡ್ತೀನಿ, ನಮ್ಮ ಬಚ್ಚಲ ನಲ್ಲಿ ತೊಟ್ಟಿಕ್ಕೋದು ನಿಲ್ಸಕ್ಕಾಗ್ಲಿಲ್ಲ ಅಂತ’ ಎಂದರು.

ಜಗಲಿಯ ಮೇಲೆ ಕರಡಿಯ ಕಿವಿ ತಿರುಗಿತು.

ಬೋರಣ್ಣ ನೋಡಲಿಲ್ಲ, ನಾನು ನೋಡಿದೆ. ಅವರ ಬಾಯಿಂದ ಇನ್ನೊಂದು ಮಾತು ಹೊರಡುತ್ತಿತ್ತು, ನಾನು ನನ್ನ ಎರಡೂ ಕಿವಿ ಮುಚ್ಚಿಕೊಂಡೆ. ‘ಬೇಡ ಅಣ್ಣ, ನನಗೆ ಹೇಳ್ಬೇಡಿ, ದಮ್ಮಯ್ಯ, ಒಂದಕ್ಷರ ಹೇಳ್ಬೇಡಿ. ಎದ್ದು ನಡೀರಿ. ಅವಳಿಗೆ ಹೇಳ್ತಿದ್ದದ್ದನ್ನ ಹೇಳ್ಕೊಂಡು ನಡೀರಿ’ ಎಂದು ಗಿರಣಿಗೆ ಓಡಿದೆ. ಬೀದಿಯುದ್ದಕ್ಕೂ ‘ಮಿಕ್ಸಿ ಹಾಕ್ರಮ್ಮ, ಮಿಕ್ಸಿ ಹಾಕ್ರಿ’ ಎಂದು ಕೂಗಿದೆ. ಈ ವಯಸ್ಸಿನಲ್ಲಿ ನಾನು ಹಾಗೆ ಓಡಿದ್ದನ್ನು ನೋಡಿ ನಮ್ಮ ಯಜಮಾನರು ಬೆಂಕಿ ಬಿತ್ತೇನೋ ಎಂದು ಬಿಂದಿಗೆ ಹಿಡಿದುಕೊಂಡು ಬಂದರು.

ಆಮೇಲೆ ಕಿಟಕಿಯಲ್ಲಿ ನಾನು ಕಂಡದ್ದನ್ನು ಹೇಗೆ ಹೇಳಲಿ. ಹಾಡಹಗಲು, ಬಿಸಿಲು ಏರಿತ್ತು. ಬೋರಣ್ಣ ಕೀಲಿಯನ್ನು ಹೆಗಲ ಮೇಲಿಟ್ಟುಕೊಂಡು, ದಿನಾ ಕೆಲಸಕ್ಕೆ ಹೋಗುವಂತೆಯೇ ಬರುತ್ತಿದ್ದರು. ತಲೆ ಸ್ವಲ್ಪ ಎಡಕ್ಕೆ ವಾಲಿತ್ತು, ಪಕ್ಕದಲ್ಲಿ ತಮಗಿಂತ ಗಿಡ್ಡನೆಯವರು ಯಾರೋ ನಡೆಯುತ್ತಿರುವಂತೆ. ನಂಜಕ್ಕ ಗಿಡ್ಡಗಿದ್ದಳು. ಹಿಂದೆ ಕರಡಿ, ತಲೆ ತಗ್ಗಿಸಿ ಒಂದೊಂದು ಮಾತನ್ನೂ ಕೇಳಿಸಿಕೊಳ್ಳುತ್ತಾ. ಕರಡಿಯ ತಲೆಯ ಮೇಲೆ ಜೇನುಹುಳಗಳ ಹಿಂಡು ಒಂದು ಕಪ್ಪು ಮೋಡವಾಗಿ ತೇಲಿಬರುತ್ತಿತ್ತು. ಅದರ ಹಿಂದೆ ಪುನುಗಿನ ಬೆಕ್ಕು, ಬಾಯಲ್ಲಿ ಒಂದು ಮರಿ, ಬಾಲದ ಹಿಂದೆ ಎರಡು. ಹೆಗ್ಗಣಗಳ ಸಾಲು. ಧೂಳಿನಲ್ಲಿ ಗೆರೆ ಎಳೆಯುತ್ತಾ ಕೇರೆಹಾವು, ಪಕ್ಕದಲ್ಲೇ ಹೆಗ್ಗಣಗಳಿದ್ದರೂ ಕಣ್ಣೆತ್ತಿ ನೋಡದೆ. ಗೂಬೆ ಹಗಲಿಗೆ ಕಣ್ಣು ಕಿರಿದು ಮಾಡಿಕೊಂಡು ಕಂಬದಿಂದ ಕಂಬಕ್ಕೆ ಹಾರುತ್ತಿತ್ತು. ಅಳಿಲುಗಳು ಕಾಂಪೌಂಡಿನ ಮೇಲೆ, ಹಲ್ಲಿಗಳು ಗೋಡೆಗಳ ಮೇಲೆ. ಒಂದೂ ಇನ್ನೊಂದನ್ನು ದಾಟುವ ಆತುರ ತೋರಿಸಲಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ನೀರಿನ ಟ್ಯಾಂಕುಗಳ ಮೇಲಿದ್ದ ಮಂಗಗಳು ಇಳಿದು ಬಂದು ಸೇರಿಕೊಂಡವು. ಅವು ಯಾರ ಮನೆಯವೋ, ಯಾರ ಮಾತಿಗೋ ಕಾಯುತ್ತಿದ್ದವು. ಖಾಲಿ ಸೈಟಿನ ಲಾಂಟಾನ ಪೊದೆಯಿಂದ ಹಂದಿ ಮರಿಗಳೊಂದಿಗೆ ಹೊರಬಂತು. ಮುಳ್ಳುಹಂದಿ ಮುಳ್ಳು ಮಡಿಸಿಕೊಂಡು ಬಂತು. ನವಿಲುಗಳು ಬಂದವು. ನನ್ನ ಕಾಲಿನ ಮೇಲೆ ಏನೋ ಹರಿದಂತಾಗಿ ನೋಡಿದರೆ ನನ್ನ ಗಿರಣಿಯ ಇಲಿಗಳು ಬಾಗಿಲ ಸಂದಿಯಿಂದ ನುಸುಳಿ ಹೊರಟಿದ್ದವು. ಅವುಗಳಿಗೆ ನಾನು ಎಷ್ಟು ಒಳ್ಳೆಯ ಮಾತುಗಳನ್ನು ಸುರಿದಿದ್ದೆ, ಜಪ್ಪಯ್ಯ ಅಂದರೂ ಕದಲಿರಲಿಲ್ಲ. ಹೊರಗೆ ಮಿಕ್ಸಿ, ತಟ್ಟೆ, ಗಿರಣಿ ಎಲ್ಲ ಸೇರಿ ಕಿವಿ ಕಿತ್ತುಹೋಗುವಂಥ ಸದ್ದು. ಆ ಸದ್ದಿನ ನಡುವೆ ಒಬ್ಬ ಮನುಷ್ಯನ ತುಟಿ ಆಡುತ್ತಿತ್ತು, ಅದನ್ನು ಕೇಳಲು ಇಡೀ ಗುಡ್ಡ ಬೀದಿಯಲ್ಲಿ ನಡೆದು ಹೋಗುತ್ತಿತ್ತು. ನನ್ನ ಪಕ್ಕ ನಿಂತಿದ್ದ ಯಜಮಾನರು ಬಿಂದಿಗೆ ಕೆಳಗಿಟ್ಟು ಕೈ ಮುಗಿದರು. ನಾನೂ ಮುಗಿದೆ. ಯಾರಿಗೆ ಎಂದು ಕೇಳಬೇಡಿ.

ಮೆರವಣಿಗೆ ತಿರುವು ದಾಟಿತು. ಇಟ್ಟಿಗೆ ಗೂಡಿನಾಚೆ ಧೂಳೆದ್ದದ್ದು ಕಂಡಿತು, ಆಮೇಲೆ ಅದೂ ಕಾಣಲಿಲ್ಲ. ಹೊರಟವರು ಮರಳುವವರೆಗೆ ಸದ್ದು ನಿಲ್ಲಿಸುವಂತಿಲ್ಲ. ಕಲ್ಲು ಕಾದು ವಾಸನೆ ಬರಲು ಶುರುವಾಯಿತು, ಇದ್ದ ಜೋಳವನ್ನೆಲ್ಲ ಸುರಿದೆ. ನನಗೆ ಒಂದೇ ಭಯ, ಮಾತು ಎಲ್ಲಿ ಅರ್ಧ ದಾರಿಯಲ್ಲಿ ಮುಗಿದುಹೋಗುತ್ತದೋ ಎಂದು. ಮುಗಿದರೆ ಅಷ್ಟೂ ಪ್ರಾಣಿಗಳು ತಿರುಗಿ ಆ ಒಂದು ಮನೆಗೇ ಬರುತ್ತವೆ.

ಅಷ್ಟರಲ್ಲಿ ಆಟೋ ಬಂತು. ವೇದಾವತಿ ಇಳಿದಳು, ಸೊಂಟದ ಮೇಲೆ ಕೈಯಿಟ್ಟುಕೊಂಡು ಮನೆಯೊಳಗೆ ಹೋದಳು. ಎಲ್ಲ ಬಾಗಿಲುಗಳೂ ತೆರೆದಿದ್ದವು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು ಬೀದಿಯುದ್ದಕ್ಕೂ ನೋಡಿದಳು. ಅಪ್ಪ ಇಲ್ಲ. ಅವಳ ಮುಖ ಬಾಡಿತು. ಆಟೋದವನಿಗೆ ಇರು ಎಂದು ಕೈಸನ್ನೆ ಮಾಡಿದ್ದು ನನಗೆ ಕಿಟಕಿಯಿಂದ ಕಂಡಿತು. ನಾನು ಕೂಗಿದೆ, ನನ್ನ ಗಿರಣಿಯ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ.

ಆಗ ತಿರುವಿನಲ್ಲಿ ಬೋರಣ್ಣ ಕಂಡರು. ಒಬ್ಬರೇ. ಹಿಂದೆ ಒಂದು ಇರುವೆಯೂ ಇರಲಿಲ್ಲ. ಕಳಿಸಿ ಬಂದವರು ಸಾಮಾನ್ಯವಾಗಿ ಬಾಯಿ ಒಣಗಿ, ತಲೆ ತಗ್ಗಿಸಿಕೊಂಡು ಬರುತ್ತಾರೆ. ಇವರ ತುಟಿ ಇನ್ನೂ ಆಡುತ್ತಿತ್ತು. ಕರಡಿ ಹೋಗಿದೆ, ಗುಡ್ಡದ್ದೆಲ್ಲ ಗುಡ್ಡಕ್ಕೇ ಸೇರಿದೆ, ಇವರ ಮಾತು ಮಾತ್ರ ಮುಗಿದಿಲ್ಲ. ಇನ್ನು ಮನೆ ತಲುಪುತ್ತಾರೆ, ಮಗಳನ್ನು ನೋಡುತ್ತಾರೆ, ಬಾಯಿ ಮುಚ್ಚಿಕೊಳ್ಳುತ್ತಾರೆ. ನನಗೆ ಅದು ಕಣ್ಣಿಗೆ ಕಟ್ಟಿದಂತೆ ಕಂಡಿತು. ಅವರು ಮನೆ ಮುಟ್ಟಿ ‘ಆಯ್ತು’ ಎಂದು ಕೈ ಎತ್ತುವವರೆಗೆ ಸದ್ದು ನಿಲ್ಲಿಸಬಾರದು, ಅದು ನಮ್ಮೂರಿನ ಪದ್ಧತಿ. ಅದುವರೆಗೆ ನಾನು ಪದ್ಧತಿ ಮುರಿದವಳಲ್ಲ. ಸ್ವಿಚ್ಚಿನ ಮೇಲೆ ಕೈಯಿಟ್ಟೆ, ಗಿರಣಿ ನಿಲ್ಲಿಸಿದೆ.

ಬೆಲ್ಟು ನಿಧಾನವಾಗಿ ತಿರುಗಿ ನಿಂತಿತು. ಪಕ್ಕದ ಮನೆಯ ಮಿಕ್ಸಿ ನಿಂತಿತು. ಅದರಾಚೆಯದು ನಿಂತಿತು. ಟಿ.ವಿ.ಗಳು ನಿಂತವು, ತಟ್ಟೆಗಳು ನಿಂತವು. ಒಂದೊಂದೇ ಬಾಗಿಲು ತೆರೆಯಿತು. ಮೊಟ್ಟಮೊದಲ ಸಲ ನಮ್ಮ ಬೀದಿಯಲ್ಲಿ ಬೋರಣ್ಣನ ದನಿ ಕೇಳಿಸಿತು.

‘...ಆಮೇಲೆ ಹಿತ್ತಲ ಬಾಗಿಲ ಚಿಲಕ ಕಿರ್ ಅಂತದೆ ಅಂತ ಬೈತಿದ್ಯಲ್ಲ, ಅದಕ್ಕೆ ಎಣ್ಣೆ ಬಿಟ್ಟೆ ಕಣೇ. ಈಗ ಸದ್ದಿಲ್ಲ. ಸದ್ದು ನಿಂತ್ಮೇಲೆ ಗೊತ್ತಾಯ್ತು, ನೀನು ಓಡಾಡ್ತಿದ್ದ ಸದ್ದು ಅಂತ ಮನೇಲಿ ಉಳಿದಿದ್ದು ಅದೊಂದೇ ಅಂತ. ಯಾಕಾದ್ರೂ ಎಣ್ಣೆ ಬಿಟ್ಟೆನೋ...’

ಎದುರು ಮನೆಯ ಯಜಮಾನರು ತಡೆಯಲಾರದೆ, ‘ಬೋರಣ್ಣ, ನಾವೆಲ್ಲ ಕೇಳಿಸ್ಕೊಂಡ್ಬಿಡ್ತಿದೀವಿ, ನಿಮ್ಮ ಮಾತು ಹಾಳಾಗ್ತದೆ’ ಎಂದರು. ಬೋರಣ್ಣ ನಿಂತು ಸುತ್ತ ನೋಡಿದರು. ತೆರೆದ ಬಾಗಿಲುಗಳು, ಬಾಗಿಲಲ್ಲಿ ನಾವು, ಆಚೆ ಜಗಲಿಯ ಮೆಟ್ಟಿಲ ಮೇಲೆ ಮಗಳು.

‘ಖರ್ಚಾದ್ರೆ ಆಗ್ಲಿ ಬಿಡಿ’ ಎಂದರು ಬೋರಣ್ಣ. ‘ನಾಳೆ ಇನ್ನೊಂದೇನಾದ್ರೂ ಆಗ್ತದಲ್ಲ.’

ನಂಜಕ್ಕನ ಮಾತು. ಅವಳ ದನಿಯ ಏರಿಳಿತ ಕೂಡ ಹಾಗೇ ಇತ್ತು. ನನಗೆ ಅಲ್ಲೇ ಅಳು ಬಂತು, ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡೆ.

ಅವರು ಮಗಳ ಹತ್ತಿರ ಹೋದರು. ‘ವೇದಾ, ನಿಮ್ಮಮ್ಮನ ಮೆತ್ತನೆ ಸೀರೆ ಒಂದು ತೊಟ್ಟಿಲಿಗೆ ಅಂತ ಎತ್ತಿಟ್ಟಿದೀನಿ. ಹೇಳ್ಬೇಕು ಅಂತ ಫೋನ್ ಕೈಗೆ ತಗೊಳ್ತಿದ್ದೆ, ಇಟ್ಬಿಡ್ತಿದ್ದೆ’ ಎಂದರು.

‘ಯಾಕಪ್ಪ ಇಡ್ತಿದ್ರಿ?’ ಎಂದಳು ವೇದಾವತಿ.

‘ನಿಮ್ಮಮ್ಮ ಮಾತಾಡೋಳು, ನಾನು ಪಕ್ಕದಲ್ಲಿ ಕೂತು ಕೇಳೋನು. ಎಲ್ಲಿಂದ ಶುರು ಮಾಡ್ಬೇಕು ಅಂತ್ಲೇ ತಿಳೀಲಿಲ್ಲ ಕಣಮ್ಮ.’

ವೇದಾವತಿ ಆಟೋದವನ ಕಡೆ ತಿರುಗಿ, ನೀನು ಹೋಗಪ್ಪ ಎಂದಳು. ಅಪ್ಪನ ಹೆಗಲಿಂದ ಕೀಲಿ ತೆಗೆದು ಗೋಡೆಗೆ ಒರಗಿಸಿದಳು. ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಬೋರಣ್ಣ ನಲ್ಲಿಯಿಂದ ಶುರು ಮಾಡಿದರು. ಕರಡಿಗೆ ಹೇಳಿದ್ದನ್ನೆಲ್ಲ ಮಗಳಿಗೆ ಮೊದಲಿಂದ ಹೇಳಿದರು. ಸಂಜೆಯವರೆಗೂ ಬೀದಿಯಲ್ಲಿ ಒಬ್ಬರೂ ಬಾಗಿಲು ಹಾಕಲಿಲ್ಲ, ಒಂದು ಮಿಕ್ಸಿಯೂ ತಿರುಗಲಿಲ್ಲ.

ವೇದಾವತಿಗೆ ಹೆಣ್ಣುಮಗು. ಈಗ ಅದು ಅಂಬೆಗಾಲಿಡುತ್ತಿದೆ. ಬೋರಣ್ಣನ ಮನೆಗೆ ಅಳಿಲು ಮತ್ತೆ ಬಂದಿದೆ, ಅಟ್ಟದಲ್ಲಿ ಇನ್ನೊಂದು ಪುನುಗಿನ ಬೆಕ್ಕೂ ಸೇರಿಕೊಂಡಿದೆ. ಕಳಿಸಲು ಬೋರಣ್ಣನ ಹತ್ತಿರ ಮಾತಿಲ್ಲ. ಬೆಳಿಗ್ಗೆ ಆದದ್ದನ್ನು ಮಧ್ಯಾಹ್ನದೊಳಗೆ ಮಗಳಿಗೋ, ಮೊಮ್ಮಗಳಿಗೋ, ನೀರು ಹಿಡಿಯಲು ಬಂದವರಿಗೋ ಹೇಳಿ ಮುಗಿಸಿಬಿಟ್ಟಿರುತ್ತಾರೆ. ‘ಇರ್ಲಿ ಬಿಡು ಸಾಕಮ್ಮ, ಅವಕ್ಕೂ ಮನೆ ಬೇಕಲ್ಲ’ ಎನ್ನುತ್ತಾರೆ.

ನಾನು ಮಾತ್ರ ಹಾಗಲ್ಲ. ಅವತ್ತು ಕಂಡದ್ದನ್ನು ಗಂಟು ಕಟ್ಟಿ ಇಟ್ಟುಕೊಂಡೆ. ಬೋರಣ್ಣನ ಮನೆಯ ಮಾತು ನಿನ್ನದು ಹೇಗಾಗುತ್ತದೆ ಎನ್ನಬೇಡಿ, ಸ್ವಿಚ್ಚು ನನ್ನದು, ಕೈ ನನ್ನದು. ಕರಡಿ ಬಂದರೆ ಈ ಮಾತನ್ನು ಆಡುತ್ತಾ ಕರಿಗುಂಡಿನವರೆಗೂ ಹೋಗಿಬರಬಹುದು ಎಂದು ಲೆಕ್ಕ ಹಾಕಿಕೊಂಡಿದ್ದೆ. ಇವತ್ತು ನೀವು ಹಿಟ್ಟು ಬೀಸಿಸಲು ಬಂದು, ಹೊಸಬರು, ಸರದಿಗೆ ಕಾಯುತ್ತಾ ಸುಮ್ಮನೆ ಗೋಡೆ ನೋಡುತ್ತಾ ಕೂತಿದ್ದಿರಿ. ನೋಡಲಾಗಲಿಲ್ಲ, ಹೇಳಿಬಿಟ್ಟೆ. ಹಿತ್ತಲಲ್ಲಿ ಆಗಿನಿಂದ ಏನೋ ದೊಡ್ಡದು ಓಡಾಡುತ್ತಿದೆ, ನಿಮಗೂ ಕೇಳಿಸುತ್ತಿರಬಹುದು. ಉಸಿರು ಬಿಡುವ ರೀತಿ ನೋಡಿದರೆ ಅದು ಯಾವುದೆಂದು ನನಗೆ ಗೊತ್ತು. ಕೊಡಲು ನನ್ನಲ್ಲಿ ಇನ್ನೇನೂ ಉಳಿದಿಲ್ಲ. ಬರಲಿ ಬಿಡಿ, ಮೂಲೆಯಲ್ಲಿ ಜಾಗ ಇದೆ. ಈಗ ನಿಮ್ಮ ಮನೆಯದು ಹೇಳಿ.